ಮೊಬೈಲ್ ಫೋನಿನಲ್ಲಿ ಮೊದಲೇ ಕೂತಿರುವ ಸೇವೆಗಳು: ಅವು ಏನನ್ನು ಕಳುಹಿಸುತ್ತವೆ, ಯಾವುದನ್ನು ನಿಲ್ಲಿಸಬಹುದು

ಬೆಳೆ ಸಮೀಕ್ಷೆ, ಪೇಟೆ ಧಾರಣೆ, ಮಳೆಯ ಮುನ್ಸೂಚನೆ, ಬೆಳೆ ವಿಮೆ, ಗೊಬ್ಬರದ ಅಂಗಡಿಯ ಬಾಕಿ ಸಂದಾಯ, ಹೀಗೆ ಬೇಸಾಯಕ್ಕೆ ಸಂಬಂಧಪಟ್ಟ ಹಲವಾರು ಕೆಲಸಗಳು ಈಗ ಮೊಬೈಲ್ ಫೋನಿನ ಮೂಲಕವೇ ನಡೆಯುತ್ತಿವೆ. ಆದಕಾರಣ ಫೋನು ನಮ್ಮ ರೈತರಿಗೆ ನೇಗಿಲು, ಸಿಂಪರಣಾ ಯಂತ್ರ, ಪಂಪ್‌ಸೆಟ್ಟುಗಳ ಸಾಲಿಗೆ ಸೇರಿದ ಒಂದು ಉಪಕರಣವೆಂದೇ ಹೇಳಬೇಕು. ಪಂಪ್‌ಸೆಟ್ಟು ಕೆಟ್ಟರೆ ಬಿಚ್ಚಿ ನೋಡುವ ರೈತರು ಫೋನಿನ ಒಳಗೇನಿದೆ ಎಂಬುದನ್ನು ವಿಚಾರಿಸುವುದು ಕಡಿಮೆ. ವಿಚಾರಿಸಿದರೂ ಸರಿಯಾದ ಉತ್ತರ ಸಿಗುವುದು ಇನ್ನೂ ಕಡಿಮೆ.

ಕಳೆದ ಮುಂಗಾರಿನಲ್ಲಿ ರಾಗಿ ಬೇಸಾಯದ ತರಬೇತಿಯೊಂದರಲ್ಲಿ ಊಟದ ಬಿಡುವಿನ ವೇಳೆಗೆ ಒಬ್ಬ ರೈತರು ತಮ್ಮ ಫೋನನ್ನು ಹಿಡಿದುಕೊಂಡು ಬಂದರು. ಬೆಳೆ ಸಮೀಕ್ಷೆಯ ಆ್ಯಪ್ ಅವರ ಜಮೀನಿನ ಸ್ಥಳವನ್ನು ಗುರುತಿಸುತ್ತಿರಲಿಲ್ಲ. ಹಣ ಕಳುಹಿಸುವ ಆ್ಯಪ್ ತೆರೆಯುತ್ತಲೇ ಇರಲಿಲ್ಲ. ಸಮೀಕ್ಷೆ ಮುಗಿಯಲು ಉಳಿದಿದ್ದುದು ಕೆಲವೇ ದಿನ. ಸಮೀಕ್ಷೆಯಲ್ಲಿ ಬೆಳೆ ದಾಖಲಾಗದಿದ್ದರೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ತೊಡಕಾಗುತ್ತದೆಂಬುದು ಓದುಗರಿಗೆ ತಿಳಿದೇ ಇದೆ. ವಿಚಾರಿಸಿದಾಗ ಗೊತ್ತಾದದ್ದಿಷ್ಟು: ಫೋನು ಮನೆಯ ಸುದ್ದಿಯನ್ನೆಲ್ಲ ಕಂಪನಿಗೆ ಕಳುಹಿಸುತ್ತದೆಂದು ಹೇಳುವ ಒಂದು ವಿಡಿಯೋವನ್ನು ನೋಡಿ, ಅವರ ಅಕ್ಕನ ಮಗ ಅದರಲ್ಲಿ ಹೇಳಿದ ಹೆಸರುಗಳನ್ನೆಲ್ಲ ಹುಡುಕಿ ಹುಡುಕಿ ಬಂದ್ ಮಾಡಿದ್ದ. ಹೀಗೆ ಬಂದಾದವುಗಳ ಪೈಕಿ ಗೂಗಲ್ ಪ್ಲೇ ಸರ್ವಿಸಸ್ ಎಂಬುದೂ ಒಂದು. ಅದನ್ನು ಮತ್ತೆ ಚಾಲೂ ಮಾಡಿದ ಐದು ನಿಮಿಷದಲ್ಲಿ ಎರಡು ಆ್ಯಪ್‌ಗಳೂ ಸರಿಹೋದವು. ಆದರೆ ರೈತರು ಅಷ್ಟಕ್ಕೇ ಬಿಡಲಿಲ್ಲ. "ಅಂಗಾರೆ ಇದು ನಮ್ಮನೆ ಸುದ್ದಿ ಕಳ್ಸೋದು ಸುಳ್ಳಾ ಸಾರ್?" ಎಂದು ಕೇಳಿದರು.

ಪೂರ್ತಿ ಸುಳ್ಳಲ್ಲ, ವಿಡಿಯೋದಲ್ಲಿ ಹೇಳಿದಷ್ಟು ನಿಜವೂ ಅಲ್ಲ. ಅಂದು ಅವರಿಗೆ ನಿಂತ ಕಾಲಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲೇ ಕೂತ ತಂತ್ರಾಂಶ ಎಂದರೇನು?

ಹೊಸ ಫೋನನ್ನು ಡಬ್ಬಿಯಿಂದ ತೆಗೆದಾಗ ಪರದೆಯ ಮೇಲೆ ಇಪ್ಪತ್ತು ಮೂವತ್ತು ಚಿತ್ರಗಳು ಕಾಣುತ್ತವೆ. ಒಳಗೆ ಇರುವ ತಂತ್ರಾಂಶಗಳ ಸಂಖ್ಯೆ ಅದರ ಹಲವು ಪಟ್ಟು. ಬಹುಪಾಲು ತಂತ್ರಾಂಶಗಳಿಗೆ ಚಿತ್ರವೂ ಇಲ್ಲ, ತೆರೆಯುವ ಬಾಗಿಲೂ ಇಲ್ಲ. ಅವು ಹಿನ್ನೆಲೆಯಲ್ಲಿ ನಡೆಯುತ್ತವೆ. ಇವುಗಳನ್ನು ಸಿಸ್ಟಮ್ ಸೇವೆಗಳೆಂದು ಕರೆಯುತ್ತಾರೆ. ಕೆಲವನ್ನು ಆಂಡ್ರಾಯ್ಡ್ ತಯಾರಿಸುವ ಗೂಗಲ್ ಕಂಪನಿ ಇಟ್ಟಿರುತ್ತದೆ, ಕೆಲವನ್ನು ಫೋನು ತಯಾರಿಸಿದ ಕಂಪನಿ, ಕೆಲವನ್ನು ಒಳಗಿನ ಚಿಪ್ಪು ತಯಾರಿಸಿದವರು. ಇವರಲ್ಲದೆ ಫೋನ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ ಮೂರನೆಯವರೂ ತಮ್ಮ ತಂತ್ರಾಂಶವನ್ನು ಇಡಿಸಿರುತ್ತಾರೆ. ಫೇಸ್‌ಬುಕ್ ಬಳಸದವರ ಫೋನಿನಲ್ಲಿಯೂ ಆ ಕಂಪನಿಯ ಎರಡು ಮೂರು ಸೇವೆಗಳು ಇರಬಹುದಾದದ್ದು ಈ ಕಾರಣದಿಂದ.

ಜಮೀನು ಕೊಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕ್ರಯಪತ್ರ ನಮ್ಮ ಹೆಸರಿಗೆ ಆಗಿರುತ್ತದೆ, ಪಹಣಿಯೂ ನಮ್ಮದೇ. ಆದರೆ ಆ ಜಮೀನಿನ ಮೂಲಕ ಹಿಂದಿನ ಹೊಲದವರಿಗೆ ಬಂಡಿದಾರಿ ಇದ್ದರೆ ಅದು ನಮ್ಮ ಜೊತೆಗೇ ಬರುತ್ತದೆ. ಬೇಲಿ ಹಾಕಿ ಮುಚ್ಚುವಂತಿಲ್ಲ. ಫೋನಿನ ಮೊದಲೇ ಕೂತ ಸೇವೆಗಳೂ ಇಂಥ ಬಂಡಿದಾರಿಗಳೇ. ಇವು ಇರುವುದು ನೆನಪಿನ ಕೋಶದ ಒಂದು ಬೇರೆ ಭಾಗದಲ್ಲಿ. ಆ ಭಾಗವನ್ನು ಓದಬಹುದೇ ಹೊರತು ಬಳಕೆದಾರರು ಅಳಿಸಲು ಬರುವುದಿಲ್ಲ. ಆದ್ದರಿಂದ ಇಂಥ ಆ್ಯಪ್‌ಗಳ ಮೇಲೆ ಒತ್ತಿದಾಗ 'ಅನ್‌ಇನ್‌ಸ್ಟಾಲ್' ಎಂಬ ಪದ ಬಾರದೆ 'ಡಿಸೇಬಲ್' ಎಂಬುದು ಮಾತ್ರ ಬರುತ್ತದೆ. ಕೆಲವಕ್ಕೆ ಅದೂ ಇಲ್ಲ. ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿದರೂ, ಅಂದರೆ ಫ್ಯಾಕ್ಟರಿ ರೀಸೆಟ್ ಮಾಡಿದರೂ, ಇವು ಮತ್ತೆ ಹಾಜರು.

ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ನಾವಾಗಿ ಹಾಕಿಕೊಂಡ ಆ್ಯಪ್ ನಮ್ಮ ಸ್ಥಳ, ಕ್ಯಾಮರಾ, ಸಂಪರ್ಕಗಳ ಪಟ್ಟಿ ಬೇಕಾದಾಗ ಅನುಮತಿ ಕೇಳುತ್ತದೆ. ಮೊದಲೇ ಕೂತವುಗಳ ಪೈಕಿ ಹಲವಕ್ಕೆ ಕಾರ್ಖಾನೆಯಲ್ಲಿಯೇ ಅನುಮತಿ ದೊರೆತಿರುತ್ತದೆ. ಸ್ಪೇನ್ ದೇಶದ ಐಎಂಡಿಇಎ ನೆಟ್‌ವರ್ಕ್ಸ್ ಸಂಸ್ಥೆಯವರೂ ಅವರ ಜೊತೆಗಾರರೂ 214 ತಯಾರಕರ 1,700ಕ್ಕೂ ಹೆಚ್ಚು ಫೋನುಗಳಲ್ಲಿದ್ದ 82 ಸಾವಿರಕ್ಕೂ ಮಿಕ್ಕ ಇಂಥ ತಂತ್ರಾಂಶಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಯಾರು ಇಟ್ಟದ್ದು, ಯಾವ ಕೆಲಸಕ್ಕೆ ಇಟ್ಟದ್ದು ಎಂಬುದೇ ಎಷ್ಟೋ ತಂತ್ರಾಂಶಗಳ ವಿಷಯದಲ್ಲಿ ಸ್ಪಷ್ಟವಾಗುವುದಿಲ್ಲವೆಂಬುದು ಅವರ ಮುಖ್ಯ ಆಕ್ಷೇಪಣೆ.

ರೋಗಪತ್ತೆಯ ಮಾಹಿತಿ ಮತ್ತು ಮಣ್ಣಿನ ಮಾದರಿ

ಈ ಸೇವೆಗಳು ಕಳುಹಿಸುವ ಮಾಹಿತಿಗೆ ಡಯಾಗ್ನಾಸ್ಟಿಕ್ ಡೇಟಾ ಎಂದು ಹೆಸರು. ರೋಗಪತ್ತೆಯ ಮಾಹಿತಿ ಎನ್ನಬಹುದು. ಫೋನಿನ ಬ್ಯಾಟರಿ ಎಷ್ಟಿದೆ, ಯಾವ ಆ್ಯಪ್ ಎಷ್ಟು ಸಲ ತೆರೆಯಿತು, ಯಾವುದು ನಡುವೆ ಕೆಟ್ಟು ನಿಂತಿತು, ನೆಟ್‌ವರ್ಕ್ ಹೇಗಿತ್ತು, ಎಷ್ಟು ಹೊತ್ತು ಸಿಕ್ಕಿತು ಇತ್ಯಾದಿ. ಇವೆಲ್ಲ ಫೋನಿನೊಳಗಿನ ಒಂದು ಕಡತದಲ್ಲಿ ದಾಖಲಾಗುತ್ತಾ ಹೋಗಿ, ಆಗಾಗ ಕಟ್ಟುಕಟ್ಟಾಗಿ ಕಂಪನಿಯ ಗಣಕಯಂತ್ರಕ್ಕೆ ರವಾನೆಯಾಗುತ್ತವೆ. ರವಾನೆಯಾಗುವಾಗ ಗುಪ್ತಲಿಪಿಯಲ್ಲಿರುವುದರಿಂದ ದಾರಿಯಲ್ಲಿ ಯಾರೂ ಓದಲಾರರು. ಅದೇ ಕಾರಣಕ್ಕೆ ಫೋನಿನ ಒಡೆಯನೂ ಓದಲಾರ ಎಂಬುದು ಈ ವಿಷಯದ ವಿಚಿತ್ರ.

ಕೋಟಿಗಟ್ಟಲೆ ಫೋನುಗಳಲ್ಲಿ ಒಂದು ದೋಷ ಕಾಣಿಸಿಕೊಂಡಾಗ ಅದನ್ನು ಕಂಡುಹಿಡಿಯಲು ಬೇರೆ ಮಾರ್ಗವಿಲ್ಲ. ಮಣ್ಣು ಪರೀಕ್ಷೆಗೆ ಮಾದರಿ ಬೇಕಾದಂತೆ ಇಲ್ಲಿಯೂ ಮಾದರಿ ಬೇಕು. ಇಷ್ಟರ ಮಟ್ಟಿಗೆ ಆಕ್ಷೇಪಣೆ ಯಾರಿಗೂ ಇರಲಾರದು.

ತೊಂದರೆ ಇರುವುದು ಮಾದರಿಯ ಚೀಟಿಯಲ್ಲಿ. ಮಣ್ಣಿನ ಮಾದರಿಯ ಚೀಲದೊಳಗೆ ರೈತರ ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ ಇವುಗಳನ್ನು ಬರೆದ ಚೀಟಿ ಇಡಬೇಕೆಂದು ನಾವೇ ಹೇಳುತ್ತೇವೆ. ಫಲಿತಾಂಶ ವಾಪಸು ಬರಬೇಕಾದರೆ ಅದು ಅವಶ್ಯ. ಆದರೆ ಒಂದು ಹೋಬಳಿಯ ಮಣ್ಣಿನಲ್ಲಿ ಸತುವಿನ ಕೊರತೆ ಎಷ್ಟಿದೆ ಎಂದು ನಕ್ಷೆ ತಯಾರಿಸುವವರಿಗೆ ಯಾವ ರೈತನ ಹೆಸರೂ ಬೇಕಾಗಿಲ್ಲ. ಫೋನ್ ಕಂಪನಿಗಳು ತಾವು ಮಾಡುತ್ತಿರುವುದು ಎರಡನೆಯ ಬಗೆಯ ಕೆಲಸವೆಂದು ಹೇಳುತ್ತವೆ. ಆದರೂ ಚೀಲದೊಳಗೆ ಚೀಟಿ ಇರುತ್ತದೆ.

ಆ ಚೀಟಿಯಲ್ಲಿ ಬರುವ ಗುರುತುಗಳನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಮೊದಲನೆಯದು ಐಎಂಇಐ, 15 ಅಂಕಿಗಳ ಸಂಖ್ಯೆ. ಫೋನಿನಲ್ಲಿ *#06# ಒತ್ತಿದರೆ ಇದು ಕಾಣುತ್ತದೆ. ಎರಡು ಸಿಮ್ ಹಾಕುವ ಫೋನಿಗೆ ಎರಡು ಸಂಖ್ಯೆ. ಎಂಜಿನ್ನಿನ ಮೇಲೆ ಕೊರೆದ ನಂಬರಿನಂತೆ ಇದು ಫೋನು ಇರುವಷ್ಟು ಕಾಲವೂ ಬದಲಾಗುವುದಿಲ್ಲ. ಕಳವಾದ ಫೋನನ್ನು ಸಂಚಾರ್ ಸಾಥಿ ವ್ಯವಸ್ಥೆಯ ಮೂಲಕ ನಿಷ್ಕ್ರಿಯಗೊಳಿಸಲು ಬೇಕಾಗುವುದೂ ಇದೇ ಸಂಖ್ಯೆ. ಆದ್ದರಿಂದ ಇದನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಎರಡನೆಯದು ತಯಾರಕರ ಸೀರಿಯಲ್ ನಂಬರು. ಅದೂ ಬದಲಾಗದು. ಮೂರನೆಯದು ಸಿಮ್‌ನ ಒಳಗಿನ ಗುರುತು, ಸಿಮ್ ಬದಲಾದರೆ ಬದಲಾಗುತ್ತದೆ. ನಾಲ್ಕನೆಯದು ಜಾಹೀರಾತಿನ ಗುರುತು, ಅಂದರೆ ಅಡ್ವರ್ಟೈಸಿಂಗ್ ಐಡಿ. ಇದನ್ನು ಬಳಕೆದಾರರೇ ಅಳಿಸಬಹುದು. ಅಳಿಸಿದರೆ ಹಳೆಯ ಲೆಕ್ಕ ಅಲ್ಲಿಗೆ ಮುಗಿಯಿತು ಎಂಬುದು ಅದರ ಉದ್ದೇಶ.

ಅಳಿಸುವ ಗುರುತನ್ನೂ ಅಳಿಸಲಾಗದ ಗುರುತನ್ನೂ ಒಂದೇ ಕಟ್ಟಿನಲ್ಲಿ ಕಳುಹಿಸಿದರೆ ಏನಾದೀತು? ಹೆಸರು ಬದಲಾಯಿಸಿಕೊಂಡ ಮನುಷ್ಯ ಹಳೆಯ ಪಹಣಿಯನ್ನೇ ಹಿಡಿದು ಬಂದಂತಾಗುತ್ತದೆ. ಐರ್ಲೆಂಡಿನ ಟ್ರಿನಿಟಿ ಕಾಲೇಜ್ ಡಬ್ಲಿನ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾನಿಲಯಗಳವರು 2021ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತು. ಸ್ಯಾಮ್‌ಸಂಗ್, ಶಿಯೋಮಿ, ರಿಯಲ್‌ಮಿ, ಹುವಾವೇ ಈ ನಾಲ್ಕು ಕಂಪನಿಗಳ ಫೋನುಗಳನ್ನೂ ಆಂಡ್ರಾಯ್ಡಿನ ಬೇರೆ ಎರಡು ರೂಪಗಳನ್ನೂ ಅವರು ಪರೀಕ್ಷೆಗೆ ಒಳಪಡಿಸಿದ್ದರು. ಒಂದನ್ನು ಬಿಟ್ಟು ಉಳಿದೆಲ್ಲವೂ, ಫೋನನ್ನು ಮುಟ್ಟದೆ ಮೇಜಿನ ಮೇಲೆ ಇಟ್ಟಿದ್ದಾಗಲೂ, ತಯಾರಕರಿಗೂ ಇತರ ಕಂಪನಿಗಳಿಗೂ ಗಣನೀಯ ಪ್ರಮಾಣದ ಮಾಹಿತಿ ಕಳುಹಿಸುತ್ತಿದ್ದುವು.

ಪ್ರಮಾಣ ಎಷ್ಟು?

ಅದೇ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕ ಡಗ್ಲಸ್ ಲೀತ್ ಅವರು 2021ರ ಮಾರ್ಚಿನಲ್ಲಿ ಗೂಗಲ್ ಮತ್ತು ಆಪಲ್ ಕಂಪನಿಗಳ ಫೋನುಗಳನ್ನು ಹೋಲಿಸಿ ನೋಡಿದ್ದರು. ಎರಡೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ಕಂಪನಿಯನ್ನು ಸಂಪರ್ಕಿಸುತ್ತಿದ್ದುವು. ಸುಮ್ಮನೆ ಇಟ್ಟ ಆಂಡ್ರಾಯ್ಡ್ ಫೋನು 12 ಗಂಟೆಗೆ ಸುಮಾರು 1 ಎಂಬಿಯಷ್ಟು ಮಾಹಿತಿಯನ್ನು ಗೂಗಲ್‌ಗೆ ಕಳುಹಿಸಿದರೆ, ಐಫೋನು ಅದೇ ಅವಧಿಯಲ್ಲಿ ಆಪಲ್‌ಗೆ ಕಳುಹಿಸಿದ್ದು 52 ಕೆಬಿ. ಗೂಗಲ್ ಕಂಪನಿ ಈ ಲೆಕ್ಕದ ವಿಧಾನವನ್ನು ಒಪ್ಪಲಿಲ್ಲ. ಫೋನು ಸರಿಯಾಗಿ, ಸುರಕ್ಷಿತವಾಗಿ ನಡೆಯಲು ಇಂಥ ಸಂಪರ್ಕ ಅವಶ್ಯವೆಂದು ಅದು ವಾದಿಸಿತು.

ಈ ಅಂಕಿಗಳನ್ನು ನಮ್ಮ ಲೆಕ್ಕಕ್ಕೆ ತಂದು ನೋಡೋಣ. 12 ಗಂಟೆಗೆ 1 ಎಂಬಿ ಎಂದರೆ ದಿನಕ್ಕೆ 2 ಎಂಬಿ. ದಿನಕ್ಕೆ 1.5 ಜಿಬಿ ಸಿಗುವ ರೀಚಾರ್ಜ್ ಹಾಕಿಸಿದವರಿಗೆ ಇದು 750ರಲ್ಲಿ ಒಂದು ಪಾಲೂ ಆಗಲಾರದು. ಮಕ್ಕಳು ನೋಡುವ ಒಂದು ನಿಮಿಷದ ವಿಡಿಯೋ ಇದಕ್ಕಿಂತ ಹೆಚ್ಚು ನುಂಗುತ್ತದೆ. ಆದ್ದರಿಂದ ಡೇಟಾ ಬೇಗ ಮುಗಿಯುತ್ತದೆ, ಬ್ಯಾಟರಿ ನಿಲ್ಲುವುದಿಲ್ಲ ಎಂಬ ದೂರುಗಳಿಗೆ ಈ ಸೇವೆಗಳೇ ಕಾರಣವೆಂದು ತೀರ್ಮಾನಿಸಬಾರದು. ಚಿಂತಿಸಬೇಕಾದದ್ದು ತೂಕದ ಬಗ್ಗೆ ಅಲ್ಲ. ಒಂದು ಚಿಟಿಕೆ ಬೀಜದಲ್ಲಿ ಎಷ್ಟು ಕಳೆ ಬೀಜ ಸೇರಿರಬಹುದೆಂದು ಬೇಸಾಯ ಮಾಡುವವರಿಗೆ ಹೇಳಬೇಕಾಗಿಲ್ಲ. 2 ಎಂಬಿಯೆಂದರೆ ಅಕ್ಷರಗಳ ಲೆಕ್ಕದಲ್ಲಿ ದಪ್ಪನೆಯ ಪುಸ್ತಕವೇ ಆದೀತು.

ಹಿಂದೆ ನಡೆದ ಕೆಲವು ಪ್ರಕರಣಗಳು

ರೋಗಪತ್ತೆಯ ಹೆಸರಿನಲ್ಲಿ ಇಟ್ಟ ತಂತ್ರಾಂಶ ಎಲ್ಲೆ ಮೀರಿದ ಪ್ರಕರಣಗಳು ಆಗಿಹೋಗಿವೆ. ಅಮೆರಿಕದಲ್ಲಿ 2011ರ ನವೆಂಬರಿನಲ್ಲಿ ಟ್ರೆವರ್ ಎಕ್‌ಹಾರ್ಟ್ ಎಂಬುವರು ಕ್ಯಾರಿಯರ್ ಐಕ್ಯೂ ಎಂಬ ತಂತ್ರಾಂಶವನ್ನು ಬೆಳಕಿಗೆ ತಂದರು. ಕರೆಗಳು ಎಲ್ಲಿ ಕಡಿದುಹೋಗುತ್ತವೆ ಎಂಬುದನ್ನು ಟೆಲಿಫೋನ್ ಕಂಪನಿಗಳಿಗೆ ತಿಳಿಸಲು ಅದನ್ನು ಮಾಡಲಾಗಿತ್ತು, 14 ಕೋಟಿಗೂ ಮಿಕ್ಕಿ ಫೋನುಗಳಲ್ಲಿ ಇತ್ತು. ಎಕ್‌ಹಾರ್ಟ್ ಅವರು ಪರೀಕ್ಷಿಸಿದ ಎಚ್‌ಟಿಸಿ ಫೋನಿನಲ್ಲಿ ಮಾತ್ರ, ಒತ್ತಿದ ಒಂದೊಂದು ಕೀಲಿಯೂ ದಾಖಲಾಗುತ್ತಿದ್ದುದು ಕಂಡುಬಂತು. ಆಮೇಲೆ ನಡೆದ ವಿಚಾರಣೆಯಿಂದ ತಿಳಿದುಬಂದ ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ: ಕಾರ್ಖಾನೆಯಲ್ಲಿ ದೋಷ ಹುಡುಕಲು ಬಳಸಿದ ದಾಖಲೆಯ ವ್ಯವಸ್ಥೆಯನ್ನು ಫೋನು ಮಾರುವ ಮುನ್ನ ನಿಲ್ಲಿಸಿರಲಿಲ್ಲ. ದುರುದ್ದೇಶಕ್ಕಿಂತ ಅಜಾಗರೂಕತೆಯೇ ಇಲ್ಲಿ ಹೆಚ್ಚು. ಔಷಧಿ ಹೊಡೆದವನು ಡಬ್ಬಿಯನ್ನು ಬಾವಿಯ ಕಟ್ಟೆಯ ಮೇಲೆ ಮರೆತು ಬಂದಂತೆ. ಅಮೆರಿಕದ ವ್ಯಾಪಾರ ಆಯೋಗವು 2013ರಲ್ಲಿ ಎಚ್‌ಟಿಸಿ ಕಂಪನಿಯ ಮೇಲೆ ಕ್ರಮ ಕೈಗೊಂಡಿತು.

ಇದಕ್ಕಿಂತ ಗಂಭೀರವಾದದ್ದು 2016ರ ನವೆಂಬರಿನ ಪ್ರಕರಣ. ಬ್ಲೂ ಎಂಬ ಅಮೆರಿಕದ ಕಂಪನಿ ಮಾರುತ್ತಿದ್ದ ಕಡಿಮೆ ಬೆಲೆಯ ಫೋನುಗಳಲ್ಲಿ ಆಡಪ್ಸ್ ಎಂಬ ಚೀನೀ ಕಂಪನಿಯ ಸೇವೆಯೊಂದಿತ್ತು. ಫೋನಿನ ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದು ಮಾಡುವುದು ಅದರ ಕೆಲಸ. ಆದರೆ ಅದು 72 ಗಂಟೆಗೊಮ್ಮೆ ಬಳಕೆದಾರರ ಎಸ್‌ಎಂಎಸ್‌ಗಳನ್ನು ಅಕ್ಷರಶಃ ಚೀನಾದ ಗಣಕಯಂತ್ರಕ್ಕೆ ಕಳುಹಿಸುತ್ತಿತ್ತೆಂದು ಕ್ರಿಪ್ಟೋವೈರ್ ಎಂಬ ಸಂಸ್ಥೆ ಪತ್ತೆ ಮಾಡಿತು. ಕರೆಗಳ ವಿವರ, ಸಂಪರ್ಕಗಳ ಪಟ್ಟಿಯೂ ಹೋಗುತ್ತಿದ್ದುವು. ಸುಮಾರು 1 ಲಕ್ಷ 20 ಸಾವಿರ ಫೋನುಗಳಲ್ಲಿ ಹೀಗಾಗಿತ್ತೆಂದು ಕಂಪನಿಯೇ ಒಪ್ಪಿಕೊಂಡಿತು. ಬೇರೊಬ್ಬ ತಯಾರಕರಿಗಾಗಿ ಮಾಡಿದ ಭಾಗ ತಪ್ಪಿ ಇಲ್ಲಿ ಸೇರಿತೆಂಬುದು ಆಡಪ್ಸ್ ಕೊಟ್ಟ ಸಮಜಾಯಿಷಿ.

ನಮ್ಮ ದೇಶದಲ್ಲಿಯೂ ಬಹಳವಾಗಿ ಮಾರಾಟವಾದ ಒನ್‌ಪ್ಲಸ್ ಫೋನುಗಳು ಯಾವ ಆ್ಯಪ್ ಎಷ್ಟು ಹೊತ್ತಿಗೆ ತೆರೆಯಿತೆಂಬ ವಿವರವನ್ನು ಐಎಂಇಐ ಸಮೇತ ಕಳುಹಿಸುತ್ತಿದ್ದುದು 2017ರ ಅಕ್ಟೋಬರಿನಲ್ಲಿ ಸುದ್ದಿಯಾಯಿತು. ಕಂಪನಿ ಆಮೇಲೆ ಸಂಗ್ರಹಣೆಯನ್ನು ಕಡಿಮೆ ಮಾಡುವುದಾಗಿ ಹೇಳಿತು.

2022ರಲ್ಲಿ ಲೀತ್ ಅವರೇ ಪ್ರಕಟಿಸಿದ ಮತ್ತೊಂದು ಸಂಗತಿ ನಮ್ಮ ಹಳ್ಳಿಗಳ ಫೋನುಗಳಿಗೆ ಇನ್ನೂ ಹತ್ತಿರದ್ದು. ಕರೆ ಮಾಡಲು ಮತ್ತು ಎಸ್‌ಎಂಎಸ್ ಕಳುಹಿಸಲು ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುವ ಗೂಗಲ್‌ನ ಎರಡು ಆ್ಯಪ್‌ಗಳು ಕರೆಯ ವೇಳೆ, ಎಷ್ಟು ಹೊತ್ತು ಮಾತಾಡಿದ್ದು ಎಂಬುದನ್ನೂ ಪ್ರತಿ ಸಂದೇಶದ ಒಂದು 'ಹ್ಯಾಷ್' ಅನ್ನೂ ಕಂಪನಿಗೆ ಕಳುಹಿಸುತ್ತಿದ್ದುವು. ಹ್ಯಾಷ್ ಎಂದರೆ ಸಂದೇಶದ ಹೆಬ್ಬೆಟ್ಟಿನ ಗುರುತು ಎನ್ನಬಹುದು. ಹೆಬ್ಬೆಟ್ಟಿನಿಂದ ಮನುಷ್ಯನನ್ನು ಮರಳಿ ಮಾಡಲಾಗದು, ಆದರೆ ಎರಡು ಹೆಬ್ಬೆಟ್ಟುಗಳು ಒಂದೇ ಹೌದೋ ಅಲ್ಲವೋ ಎಂದು ತಾಳೆ ನೋಡಬಹುದು. ಚಿಕ್ಕ ಸಂದೇಶಗಳನ್ನು ಹೀಗೆ ತಾಳೆ ಹಾಕಿ ಊಹಿಸುವುದೂ ಅಸಾಧ್ಯವಲ್ಲ. ಗೂಗಲ್ ಕಂಪನಿ ಈ ವರದಿಯನ್ನು ಒಪ್ಪಿ ಹಲವು ಬದಲಾವಣೆಗಳನ್ನು ಮಾಡಿತು. ಹೊರಗಿನ ಒಬ್ಬ ಅಧ್ಯಾಪಕ ಅಳೆದು ನೋಡುವವರೆಗೆ ಇದು ಯಾರಿಗೂ ತಿಳಿದಿರಲಿಲ್ಲವೆಂಬುದನ್ನು ಗಮನಿಸಬೇಕು.

ಪ್ರಯೋಜನವೂ ಉಂಟು

ಇಷ್ಟು ಓದಿ ಎಲ್ಲವನ್ನೂ ಕಿತ್ತೆಸೆಯಬೇಕೆಂದು ಯಾರೂ ತಿಳಿಯಬಾರದು. ಬಹಳಷ್ಟು ಫೋನುಗಳಿಂದ ಬಂದ ಚೂರುಪಾರು ಮಾಹಿತಿಯಿಂದಲೇ ಕೆಲವು ಒಳ್ಳೆಯ ಕೆಲಸಗಳು ಸಾಧ್ಯವಾಗಿವೆ. ಭೂಕಂಪದ ಎಚ್ಚರಿಕೆ ಇದಕ್ಕೆ ಉದಾಹರಣೆ. ಫೋನಿನಲ್ಲಿ ಅಲುಗಾಟವನ್ನು ಅಳೆಯುವ ಚಿಕ್ಕ ಸಾಧನವೊಂದಿದೆ. ಒಂದು ಪ್ರದೇಶದ ಅನೇಕ ಫೋನುಗಳು ಒಂದೇ ಹೊತ್ತಿಗೆ ಅಲುಗಿದರೆ ಅದು ಭೂಕಂಪವೆಂದು ಲೆಕ್ಕ ಹಾಕಿ, ದೂರದಲ್ಲಿರುವವರಿಗೆ ಕೆಲವು ಕ್ಷಣ ಮುಂಚಿತವಾಗಿ ಸೂಚನೆ ಕೊಡಲಾಗುತ್ತದೆ. ಗೂಗಲ್ ಕಂಪನಿಯ ಈ ವ್ಯವಸ್ಥೆ ಭಾರತದಲ್ಲಿ 2023ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಆ್ಯಪ್‌ಗಳಲ್ಲಿ ವಿಷಕಾರಿ ತಂತ್ರಾಂಶವಿದೆಯೇ ಎಂದು ಪರೀಕ್ಷಿಸುವ ಕೆಲಸವೂ ಪ್ಲೇ ಸರ್ವಿಸಸ್ ಮೂಲಕವೇ ನಡೆಯುತ್ತದೆ.

ತಪ್ಪು ಭಯವೂ ಹರಡುತ್ತದೆ. ಆಂಡ್ರಾಯ್ಡ್ ಸಿಸ್ಟಮ್ ಸೇಫ್ಟಿಕೋರ್ ಎಂಬ ಸೇವೆಯೊಂದು 2024ರ ಕೊನೆಯಿಂದ ಕೇಳದೆಯೇ ಅನೇಕರ ಫೋನುಗಳಿಗೆ ಬಂದು ಸೇರಿತು. ಅದು ಫೋಟೋಗಳನ್ನೆಲ್ಲ ನೋಡಿ ಕಂಪನಿಗೆ ವರದಿ ಮಾಡುತ್ತದೆಂದು ಗುಲ್ಲೆದ್ದಿತು. ಸಂದೇಶಗಳಲ್ಲಿ ಬರುವ ಅಶ್ಲೀಲ ಚಿತ್ರಗಳನ್ನು ಫೋನಿನೊಳಗೇ ಗುರುತಿಸಿ ಮಸುಕು ಮಾಡುವುದು ಅದರ ಉದ್ದೇಶವಾಗಿತ್ತು, ಚಿತ್ರ ಹೊರಗೆ ಹೋಗುವುದಿಲ್ಲವೆಂದು ಕಂಪನಿ ಹೇಳಿತು. ಸ್ವತಂತ್ರ ತಂತ್ರಜ್ಞರೂ ಅದನ್ನೇ ಹೇಳಿದರು. ಮೊದಲೇ ಒಂದು ಮಾತು ತಿಳಿಸಿ ಹಾಕಿದ್ದರೆ ಈ ಗುಲ್ಲೇ ಏಳುತ್ತಿರಲಿಲ್ಲ.

ಕೈಗೊಳ್ಳಬಹುದಾದ ಕ್ರಮಗಳು

ಹೊಸ ಫೋನು ಕೊಳ್ಳುವ ದಿನವೇ ಅರ್ಧ ಕೆಲಸ ಆಗಬೇಕು. ನಮ್ಮಲ್ಲಿ ಬಹುತೇಕ ಅಂಗಡಿಯ ಹುಡುಗನೇ ಫೋನನ್ನು ತೆರೆದು, ಬಂದ ಪುಟಗಳಿಗೆಲ್ಲ 'ಐ ಅಗ್ರೀ', 'ಅಕ್ಸೆಪ್ಟ್' ಎಂದು ಸರಸರನೆ ಒತ್ತಿ, ಒಂದು ನಿಮಿಷದಲ್ಲಿ ಕೈಗೆ ಕೊಡುತ್ತಾನೆ. ಒಪ್ಪಿಗೆ ಕೊಟ್ಟವನು ಅವನು, ಮಾಹಿತಿ ಹೋಗುವುದು ನಮ್ಮದು! ಆ ಪುಟಗಳಲ್ಲಿ ಬಳಕೆಯ ಮತ್ತು ರೋಗಪತ್ತೆಯ ಮಾಹಿತಿ ಕಳುಹಿಸುವ ಗುಂಡಿಯೂ ಇರುತ್ತದೆ, ಸಾಮಾನ್ಯವಾಗಿ ಮೊದಲೇ ಚಾಲೂ ಸ್ಥಿತಿಯಲ್ಲಿ. ಆದ್ದರಿಂದ ಡಬ್ಬಿಯನ್ನು ಮನೆಗೆ ತಂದು, ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡು, ಓದು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ತೆರೆಯುವುದು ಲೇಸು.

ಈಗಾಗಲೇ ಬಳಸುತ್ತಿರುವ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಗೂಗಲ್ ಎಂಬ ಸಾಲಿಗೆ ಹೋಗಿ, ಮೇಲ್ಭಾಗದ ಮೂರು ಚುಕ್ಕೆಗಳನ್ನು ಒತ್ತಿದರೆ 'ಯೂಸೇಜ್ ಅಂಡ್ ಡಯಾಗ್ನಾಸ್ಟಿಕ್ಸ್' ಎಂಬುದು ಸಿಗುತ್ತದೆ. ಕೆಲವು ಫೋನುಗಳಲ್ಲಿ ಮೂರು ಚುಕ್ಕೆಯ ಬದಲು ಎಲ್ಲ ಸೇವೆಗಳ ಪಟ್ಟಿಯೊಳಗೆ ಇರುತ್ತದೆ. ಸೆಟ್ಟಿಂಗ್ಸ್‌ನ ಮೇಲಿನ ಹುಡುಕುವ ಜಾಗದಲ್ಲಿ ಈ ಪದ ಬರೆದರೂ ಆದೀತು. ಅದನ್ನು ಬಂದ್ ಮಾಡಬಹುದು. ಫೋನಿನ ಕೆಲಸಕ್ಕೆ ಏನೂ ಧಕ್ಕೆಯಿಲ್ಲ. ಅದೇ ಗೂಗಲ್ ಸಾಲಿನ 'ಆಡ್ಸ್' ಎಂಬಲ್ಲಿ ಜಾಹೀರಾತಿನ ಗುರುತನ್ನು ಅಳಿಸಬಹುದು.

ಇಷ್ಟಾದ ಮೇಲೆ ತಯಾರಕರ ಸರದಿ. ಕಂಪನಿಯಿಂದ ಕಂಪನಿಗೆ ಹೆಸರು ಬೇರೆ. 'ಯೂಸರ್ ಎಕ್ಸ್‌ಪೀರಿಯನ್ಸ್ ಪ್ರೋಗ್ರಾಂ' ಎಂಬ ಹೆಸರು ಹಲವು ಚೀನೀ ತಯಾರಿಕೆಗಳಲ್ಲಿದೆ. ಸ್ಯಾಮ್‌ಸಂಗ್‌ನಲ್ಲಿ 'ಸೆಂಡ್ ಡಯಾಗ್ನಾಸ್ಟಿಕ್ ಡೇಟಾ' ಮತ್ತು 'ಕಸ್ಟಮೈಸೇಶನ್ ಸರ್ವಿಸ್' ಎಂದು ಇರುತ್ತವೆ. ಎಲ್ಲವೂ ಪ್ರೈವೆಸಿ ಎಂಬ ಭಾಗದ ಆಸುಪಾಸಿನಲ್ಲಿ ಸಿಗುತ್ತವೆ. ಐಫೋನ್ ಇರುವವರು ಪ್ರೈವೆಸಿ ಅಂಡ್ ಸೆಕ್ಯೂರಿಟಿಯೊಳಗಿನ 'ಅನಾಲಿಟಿಕ್ಸ್ ಅಂಡ್ ಇಂಪ್ರೂವ್‌ಮೆಂಟ್ಸ್' ನೋಡಬೇಕು. ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕಾಗಿದೆ. ಗುಂಡಿಗಳನ್ನು ಬಂದ್ ಮಾಡಿದರೂ ಮೇಲೆ ಹೇಳಿದ ಅಧ್ಯಯನಗಳಲ್ಲಿ ರವಾನೆ ಪೂರ್ತಿಯಾಗಿ ನಿಲ್ಲಲಿಲ್ಲ. ಕಡಿಮೆಯಾಗುತ್ತದೆ ಎಂದಷ್ಟೇ ತಿಳಿಯಬೇಕು. ಕಳೆ ತೆಗೆದ ಹೊಲದಲ್ಲಿ ಮತ್ತೆ ಕಳೆ ಕಾಣುವುದಿಲ್ಲವೆಂದು ನಾವು ಯಾರಿಗಾದರೂ ಭರವಸೆ ಕೊಡುತ್ತೇವೆಯೇ?

ಡಿಸೇಬಲ್ ಮಾಡುವಾಗ ಎಚ್ಚರಿಕೆ ಅವಶ್ಯ. ಗೂಗಲ್ ಪ್ಲೇ ಸರ್ವಿಸಸ್, ಗೂಗಲ್ ಸರ್ವಿಸಸ್ ಫ್ರೇಮ್‌ವರ್ಕ್, ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ, ಸಿಸ್ಟಮ್ ಯುಐ, ಫೋನಿನ ಅಪ್‌ಡೇಟ್ ಸೇವೆ ಇವುಗಳನ್ನು ಮುಟ್ಟಲೇಬಾರದು. ಸ್ಥಳದ ಗುರುತು, ಹಣ ಸಂದಾಯ, ಆ್ಯಪ್‌ಗಳ ಒಳಗೆ ತೆರೆಯುವ ಪುಟಗಳು ಎಲ್ಲವೂ ಇವನ್ನು ಅವಲಂಬಿಸಿವೆ. ಅಪ್‌ಡೇಟ್ ನಿಲ್ಲಿಸಿದರಂತೂ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಬಳಸದ ಆಟಗಳು, ಖರೀದಿಯ ಆ್ಯಪ್‌ಗಳು, ಎರಡನೆಯ ಬ್ರೌಸರು, ಫೇಸ್‌ಬುಕ್ ಇಲ್ಲದವರ ಫೋನಿನ ಫೇಸ್‌ಬುಕ್ ಸೇವೆಗಳು ಇವುಗಳನ್ನು ಧೈರ್ಯವಾಗಿ ಡಿಸೇಬಲ್ ಮಾಡಬಹುದು. ಒಂದು ದಿನಕ್ಕೆ ಒಂದನ್ನು ಮಾತ್ರ ನಿಲ್ಲಿಸಿ, ಹೆಸರು ಮತ್ತು ತಾರೀಖನ್ನು ಪುಸ್ತಕದಲ್ಲಿ ಬರೆದು, ಮರುದಿನ ಎಲ್ಲ ಆ್ಯಪ್‌ಗಳೂ ಸರಿಯಾಗಿವೆಯೇ ಎಂದು ನೋಡತಕ್ಕದ್ದು. ನಾವು ತಾಕುಗಳಲ್ಲಿ ಒಂದು ಸಲಕ್ಕೆ ಒಂದೇ ಉಪಚಾರವನ್ನು ಬದಲಾಯಿಸಿ ನೋಡುವುದೂ ಇದಕ್ಕಾಗಿಯೇ. ಬೆಳೆ ಸಮೀಕ್ಷೆ, ವಿಮೆ ಕಂತಿನ ಕೊನೆಯ ವಾರದಲ್ಲಿ ಇಂಥ ಕೆಲಸಕ್ಕೆ ಕೈಹಾಕಬಾರದು.

ಫೋನನ್ನು ಗಣಕಯಂತ್ರಕ್ಕೆ ಜೋಡಿಸಿ ಆಜ್ಞೆಗಳ ಮೂಲಕ ಸಿಸ್ಟಮ್ ಸೇವೆಗಳನ್ನು ತೆಗೆಯುವ ವಿಧಾನವೂ ಇದೆ. ಪೇಟೆಯ ಕೆಲವು ಅಂಗಡಿಗಳಲ್ಲಿ ಹಣ ಪಡೆದು ಮಾಡಿಕೊಡುತ್ತಾರೆ. ಸಾಮಾನ್ಯವಾಗಿ ಅದು ಬಳಕೆದಾರರ ಪಾಲಿಗೆ ಮಾತ್ರ ಮರೆಯಾಗುತ್ತದೆ, ರೀಸೆಟ್ ಮಾಡಿದರೆ ಮರಳುತ್ತದೆ. ತಪ್ಪು ಹೆಸರು ತೆಗೆದರೆ ಫೋನು ಶುರುವಾಗದೇ ಹೋಗಬಹುದು. ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಸಿಸ್ಟಮ್ ಸೇವೆಗಳ ಬಗ್ಗೆ ಇಷ್ಟು ಚಿಂತಿಸುವವರು ತಾವಾಗಿ ಹಾಕಿಕೊಂಡ ಆ್ಯಪ್‌ಗಳ ಕಡೆಗೂ ನೋಡಬೇಕು. ದಿಢೀರ್ ಸಾಲ ಕೊಡುವ ಆ್ಯಪ್ ಸಂಪರ್ಕಗಳ ಪಟ್ಟಿ ಕೇಳಿದಾಗ ಕೊಟ್ಟುಬಿಟ್ಟರೆ, ಆಮೇಲೆ ಬೀಗರಿಗೂ ನೆರೆಯವರಿಗೂ ಕರೆ ಹೋಗುತ್ತದೆ. ಈ ಹಾನಿಯ ಮುಂದೆ ರೋಗಪತ್ತೆಯ ಮಾಹಿತಿ ಏನೇನೂ ಅಲ್ಲ. ಸೆಟ್ಟಿಂಗ್ಸ್‌ನಲ್ಲಿರುವ ಪರ್ಮಿಶನ್ ಮ್ಯಾನೇಜರ್ ತೆರೆದು ಸ್ಥಳ, ಮೈಕ್, ಸಂಪರ್ಕ, ಎಸ್‌ಎಂಎಸ್ ಅನುಮತಿ ಯಾವ ಯಾವ ಆ್ಯಪ್‌ಗೆ ಇದೆಯೆಂದು ಹಂಗಾಮಿಗೊಮ್ಮೆ ನೋಡಿಕೊಳ್ಳುವುದು ಸೂಕ್ತ.

ಕಾನೂನಿನ ಸ್ಥಿತಿ

ಖಾಸಗಿತನ ನಾಗರಿಕರ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 24-8-2017ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇದರ ಬೆನ್ನಿಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಕಂಪನಿಗಳ ಮುಖ್ಯ ಹೊಣೆಗಳು ಆ ಪ್ರಕಟಣೆಯಿಂದ 18 ತಿಂಗಳ ನಂತರ ಜಾರಿಗೆ ಬರಬೇಕೆಂದು ಗೊತ್ತುಪಡಿಸಲಾಗಿದೆ. ದತ್ತಾಂಶವನ್ನು ಕಾಪಾಡಲು ತಪ್ಪಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಲು ಅವಕಾಶವಿದೆ. ರೈತರಿಗೆ ಹೆಚ್ಚು ಉಪಯುಕ್ತವಾದ ಅಂಶ ಇನ್ನೊಂದು: ಒಪ್ಪಿಗೆ ಕೇಳುವ ಪತ್ರವನ್ನು ಸರಳ ಮಾತಿನಲ್ಲಿ, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಅನುಸೂಚಿಯಲ್ಲಿದೆ.

ಮೊದಲೇ ಕೂರಿಸುವ ಹಂಬಲ ಕಂಪನಿಗಳಿಗೆ ಮಾತ್ರ ಸೀಮಿತವಲ್ಲ. ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಕಡ್ಡಾಯವಾಗಿ ಇಡಬೇಕೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2025ರ ನವೆಂಬರ್ ಕೊನೆಯಲ್ಲಿ ಆದೇಶಿಸಿತ್ತು. ಆಕ್ಷೇಪಣೆಗಳು ಬಂದ ಮೇಲೆ ಡಿಸೆಂಬರ್ 3ರಂದು ಕಡ್ಡಾಯವನ್ನು ಕೈಬಿಡಲಾಯಿತು. ಕಳೆದ ಫೋನನ್ನು ತಡೆಹಿಡಿಯುವ ಮಟ್ಟಿಗೆ ಅದು ಉಪಯುಕ್ತ ವ್ಯವಸ್ಥೆಯೇ. ಬೇಕಾದವರು ಹಾಕಿಕೊಳ್ಳಬಹುದು.

ತರಬೇತಿಗೆ ಬಂದಿದ್ದ ಆ ರೈತರ ಫೋನಿನಲ್ಲಿ ಅಕ್ಕನ ಮಗ ಬಂದ್ ಮಾಡಿದ್ದ ಹೆಸರುಗಳು ಒಟ್ಟು ಹದಿನಾಲ್ಕು. ಅವುಗಳಲ್ಲಿ ನಾಲ್ಕನ್ನು ಮಾತ್ರ ಮತ್ತೆ ಚಾಲೂ ಮಾಡಿದೆವು, ಉಳಿದ ಹತ್ತು ಬಂದಾಗಿಯೇ ಇವೆ. ರೋಗಪತ್ತೆಯ ಮಾಹಿತಿಯ ಗುಂಡಿ ಮಾತ್ರ ಅಷ್ಟು ದಿನವೂ ಚಾಲೂ ಇತ್ತು. ಅದನ್ನು ಅವರೇ ಒತ್ತಿ ನಿಲ್ಲಿಸಿದರು. ಅದೇ ಸಂಜೆ ಹೊಲಕ್ಕೆ ಹೋಗಿ ರಾಗಿಯ ಫೋಟೋ ತೆಗೆದು ಸಮೀಕ್ಷೆಗೆ ಸೇರಿಸಿದ್ದಾಗಿ ಮರುದಿನ ಬಂದು ತಿಳಿಸಿದರು.